ಹ್ಯಾಮರ್ ಶಾಪಿನ ಮಾತು

ಮುಂಬೈ
೨೧ ಜೂನ್ ೧೯೯೯

ಅಣ್ಣಾ,

ಬಂದು ಮುಟ್ಟಿದೆ. ಹಾಸ್ಟೆಲಿನ ಕಿಟಕಿಯಿಂದ ಒಂದು ಗೋಡೆ ಕಾಣುತ್ತದೆ, ಗೋಡೆಯ ತುಂಬ ಪಾಚಿ. ಮಳೆ ನಮ್ಮ ಖಾನಾಪುರದಷ್ಟೇ. ಆದರೆ ಇಲ್ಲಿ ಹೋಗಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತುಕೊಳ್ಳುತ್ತದೆ. ಕೋಣೆಯಲ್ಲಿ ಇನ್ನಿಬ್ಬರಿದ್ದಾರೆ. ನಾಗಪುರದವಳು ನನ್ನ ಮರಾಠಿ ಕೇಳಿ ನಗುತ್ತಾಳೆ. ಅದರಲ್ಲಿ ಅರ್ಧ ಕನ್ನಡವೇ ಇದೆಯಂತೆ.

ನಾನು ಏನು ಓದಲು ಹೋಗುತ್ತಿದ್ದೇನೆಂದು ಹೊರಡುವ ದಿನ ನೀನು ಎರಡು ಸಲ ಕೇಳಿದೆ. ಎರಡು ಸಲವೂ ನನ್ನ ಕೈಗೆ ಸರಿಯಾಗಿ ಹೇಳಲು ಬರಲಿಲ್ಲ. ಈಗ ಬರೆಯುತ್ತೇನೆ. ಹೆಸರಿಗೆ ಇದು ಸಮಾಜಕಾರ್ಯದ ಎಂ.ಎ. ಅದರೊಳಗೆ ಈ ವರ್ಷ ಒಂದು ಹೊಸ ವಿಷಯ ಶುರು ಮಾಡಿದ್ದಾರೆ. ಕಾರ್ಖಾನೆ, ಬ್ಯಾಂಕು, ಕಚೇರಿಗಳಲ್ಲಿ ಯಾರಿಗೆ ಬಾಗಿಲು ತೆರೆದಿರುತ್ತದೆ, ಯಾರಿಗೆ ಇಲ್ಲ, ಒಳಗೆ ಬಂದ ಮೇಲೂ ಯಾರು ಮೂಲೆಯಲ್ಲೇ ಉಳಿಯುತ್ತಾರೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಕಲಿಸುತ್ತಾರೆ. ಡೈವರ್ಸಿಟಿ ಎಂದು ಅದಕ್ಕೆ ಹೊಸ ಶಬ್ದ. ಹೊರದೇಶದ ದೊಡ್ಡ ಕಂಪನಿಗಳಲ್ಲಿ ಇದೊಂದೇ ಕೆಲಸಕ್ಕೆ ಒಬ್ಬ ಅಧಿಕಾರಿ ಇರುತ್ತಾರಂತೆ. ನಮ್ಮಲ್ಲೂ ಬರುತ್ತಾರೆ, ಬಂದರೆ ನಿಮ್ಮಿಂದಲೇ ಬರಬೇಕು ಎಂದು ಇದನ್ನು ಕಲಿಸುವ ಗಂಗಾದೇವಿ ಮೇಡಂ ಹೇಳಿದರು.

ಮೊದಲ ತರಗತಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. ನೀವು ಕಲಿತ ಮೊದಲ ಶಾಲೆಯಲ್ಲಿ ಯಾರು ಇರಲಿಲ್ಲ? ನಾನು ನಿನ್ನ ಹೆಸರು ಹೇಳಿದೆ. ನಮ್ಮೂರು ಬೀಡಿಯ ಶಾಲೆ, ಅಪ್ಪ ನಿನ್ನ ಕೈ ಹಿಡಿದು ನಿಂತಿದ್ದು, ಮಾಸ್ತರರು “ಕಿವಿ ಕೇಳದ ಹುಡುಗನ್ನ ಕುಂದರಿಸ್ಕೊಂಡು ನಾ ಏನ ಮಾಡ್ಲಿ ಸಿದರಾಯಾ, ಕುರೀ ಹಿಂದ ಕಳಸು” ಅಂದಿದ್ದು, ಎಲ್ಲ ಹೇಳಿದೆ. ನೀನು ಕಿಟಕಿಯ ಹೊರಗೆ ಕುಳಿತಿರುತ್ತಿದ್ದೆ, ನಾನು ಒಳಗಿನಿಂದ ಪಾಠವನ್ನು ಕೈಯಲ್ಲಿ ದಾಟಿಸುತ್ತಿದ್ದೆ. ಮೇಡಂ, ಹಾಗಾದರೆ ನೀನು ಈ ಓದನ್ನು ಆಗಲೇ ಶುರು ಮಾಡಿದ್ದೀ ಎಂದರು.

ಭಾನುವಾರ ಊರಿನ ಕಲ್ಲಯ್ಯನ ಅಂಗಡಿಗೆ ಫೋನು ಮಾಡಿ ಅವ್ವನನ್ನು ಕರೆಸಿದೆ. ಅವಳು ಅಂದದ್ದು ಇಷ್ಟು: “ಅಲ್ಲಿ ಚಳೀನ ಇಲ್ಲಂತ, ಕಂಬಳಿ ಬ್ಯಾಡಂದಿ. ಕಂಬಳಿ ಬ್ಯಾಡಾದ ಊರು ಅದೆಂಥಾ ಊರವ್ವಾ?”

ನಿನ್ನ
ಪ್ರಮಿಳಾ

·

ಬೆಳಗಾವಿ
೪ ಜುಲೈ ೧೯೯೯

ಪ್ರಮಿಳಾ,

ಅವ್ವನ ಮಾತನ್ನು ಹಾಗೇ ಬರೆದದ್ದು ಒಳ್ಳೆಯದಾಯಿತು. ಮುಂದೆಯೂ ಅವಳು ಅಂದದ್ದನ್ನು ಹಾಗೇ ಬರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡ. ಅವ್ವ ಎದುರಿಗೆ ಕುಳಿತಾಗ ತುಟಿ ಕಾಣುತ್ತದೆ, ಏನು ಬೇಕೆಂದು ತಿಳಿಯುತ್ತದೆ. ಆದರೆ ಅವಳು ಯಾವ ಮಾತಿನಲ್ಲಿ ಹೇಳುತ್ತಾಳೆ ಎನ್ನುವುದು ನನಗೆ ನಿನ್ನಿಂದ ಮಾತ್ರ ಗೊತ್ತು.

ನೀನು ನಿನ್ನ ತರಗತಿಯಲ್ಲಿ ನನ್ನ ಬಗ್ಗೆ ಹೇಳಿದೆ. ನಾನೂ ಇಲ್ಲಿ ನಿನ್ನ ಬಗ್ಗೆ ಹೇಳಿದ್ದೇನೆ.

ನಮ್ಮ ಹ್ಯಾಮರ್ ಶಾಪನ್ನು ನೀನು ನೋಡಿಲ್ಲ. ಕುಲುಮೆಯಿಂದ ಕೆಂಪಗೆ ಕಾದ ಕಬ್ಬಿಣದ ತುಂಡು ಬರುತ್ತದೆ. ಒಬ್ಬ ಅದನ್ನು ಇಕ್ಕಳದಲ್ಲಿ ಹಿಡಿಯುತ್ತಾನೆ, ಒಬ್ಬ ಯಂತ್ರದ ಸುತ್ತಿಗೆಯನ್ನು ಬೀಳಿಸುತ್ತಾನೆ. ಹಿಡಿಯುವವನು ನಾನು, ಬೀಳಿಸುವವನು ಲಕ್ಷ್ಮಪ್ಪ. ಸುತ್ತಿಗೆ ಬಿದ್ದರೆ ನೆಲ ಹಾರುತ್ತದೆ. ಆ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲವಂತೆ. ಅದಕ್ಕೆ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ನಾನು ಸೇರಿದಾಗ ಅವರಿಗೆ ಗೊತ್ತಿದ್ದದ್ದು ಜೋರಾಗಿ, ಮೆಲ್ಲಗೆ, ನಿಲ್ಲಿಸು ಎಂಬ ಸನ್ನೆಗಳಷ್ಟೇ. ಈಗ ಲಕ್ಷ್ಮಪ್ಪ ಹೆಂಡತಿಯ ಜೊತೆಗಿನ ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾನೆ, ಇಬ್ಬರ ಪಾಲಿನದನ್ನೂ. ಹೊಸದಾಗಿ ಸೇರಿದವರನ್ನು ಮೇಸ್ತ್ರಿ ಮೊದಲು ನನ್ನ ಹತ್ತಿರ ಕಳಿಸುತ್ತಾನೆ.

ಎಲ್ಲರಿಗೂ ಕೈಯ ಹೆಸರಿದೆ. ಲಕ್ಷ್ಮಪ್ಪನಿಗೆ ಮೀಸೆ ತಿರುವುವುದು. ಮ್ಯಾನೇಜರ್ ದುಂಡಪ್ಪ ಸಾಹೇಬರಿಗೆ ಹಣೆಯ ಮೇಲೆ ಮೂರು ಬೆರಳು ಎಳೆಯುವುದು, ಅವರ ವಿಭೂತಿಯಿಂದಾಗಿ. ನಿನಗೆ ಅದೇ ಹಳೆಯದು, ಕಿವಿಯ ತುದಿ ಮುಟ್ಟುವುದು. ಲಕ್ಷ್ಮಪ್ಪ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೇಳಿದ: “ತಂಗೀಗೆ ಕಿವಿ ಅಂತೀಯಲ್ಲೋ, ಆಕಿ ನಿನ್ನ ಕಿವಿ ಹಿಂಡತಾಳೇನ?” ಹೌದೆಂದೆ.

ಊಟ ಸರಿಯಾಗಿ ಮಾಡು.

ಸುಜಯ

·

ಮುಂಬೈ
೧೫ ನವೆಂಬರ್ ೧೯೯೯

ಅಣ್ಣಾ,

ದೀಪಾವಳಿಯ ಫೋನಿನಲ್ಲಿ ಅವ್ವ ಅತ್ತಳು. ನಿನ್ನ ಹೆಗಲು ಸುಟ್ಟದ್ದು ನನಗೆ ಅವ್ವನಿಂದ ಗೊತ್ತಾಗಬೇಕೆ? ಅವ್ವನಿಗೆ ಕಲ್ಲಯ್ಯನಿಂದ, ಕಲ್ಲಯ್ಯನಿಗೆ ನಿಮ್ಮ ಲಕ್ಷ್ಮಪ್ಪನ ಫೋನಿನಿಂದ. ನಿನ್ನ ಹೋದ ಕಾಗದದಲ್ಲಿ ಇದ್ದದ್ದು ಬರೀ ಹವಾಮಾನ.

ಅವ್ವ ಅಂದದ್ದನ್ನು ಹಾಗೇ ಬರೆಯುತ್ತೇನೆ, ನೀನೇ ಕೇಳಿಕೊಂಡಿದ್ದೀ. “ಹಿಂದಿಂದ ಯಾರರ ಕೂಗಿದ್ರ ಅಂವಗ ಕೇಳ್ತಿತ್ತೇನ? ನಾ ಹಡದಾಗ ಅಂವಗ ಕಿವಿ ಕೊಡಲಿಲ್ಲ ಪ್ರಮೀ. ಬೆಂಕೀ ಬಾಯಾಗ ನಿಂದ್ರಿಸಿ ನಾ ಹೆಂಗ ಮಲಗಲಿ?” ಇನ್ನೂ ಅಂದಳು, ಬರೆಯಲಾರೆ.

ಇಲ್ಲಿ ನಾವು ಓದುವುದೆಲ್ಲ ಇಂಥದ್ದೇ. ಕಾಲಿಲ್ಲದವನನ್ನು ಮೆಟ್ಟಿಲ ಮೇಲಿನ ಕೋಣೆಯಲ್ಲಿ ಕೂರಿಸಿದವರು, ಕಣ್ಣು ಕಾಣದವಳಿಗೆ ಟೆಲಿಫೋನು ಒಂದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವರು. ಅಂಗವಿಕಲರ ಕಾಯ್ದೆ ಬಂದು ನಾಲ್ಕು ವರ್ಷವಾಯಿತು, ಖಾಸಗಿಯವರಿಗೆ ಅದು ಬರೀ ಬುದ್ಧಿಮಾತು. ಓದುವಾಗಲೆಲ್ಲ ನನಗೆ ನಿನ್ನ ಬೆನ್ನು ಕಾಣುತ್ತದೆ. ನೀನು ಬಾಗಿ ಏನನ್ನೋ ಹಿಡಿದಿದ್ದೀ, ಹಿಂದೆ ಯಾರೋ ಕೂಗುತ್ತಿದ್ದಾರೆ.

ಮುಚ್ಚಿಡದೆ ಬರಿ. ಏನಾಯಿತು?

ಪ್ರಮಿಳಾ

·

ಬೆಳಗಾವಿ
೨೪ ನವೆಂಬರ್ ೧೯೯೯

ಪ್ರಮಿಳಾ,

ತುಂಡಿನ ಒಂದು ಚೂರು ಹಾರಿತು. ಯಾರೂ ಕೂಗಲಿಲ್ಲ. ಕೂಗಿದ್ದರೂ ಅಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಲಕ್ಷ್ಮಪ್ಪನ ಕೈಯೂ ಸುಟ್ಟಿದೆ, ಅವನಿಗೆ ಕಿವಿ ಎರಡೂ ಚೆನ್ನಾಗಿವೆ.

ಗಾಯ ಒಣಗಿದೆ. ಅವ್ವನಿಗೆ ಹೇಳು.

ಲಕ್ಷ್ಮಪ್ಪನ ಮಗಳ ಮದುವೆಗೆ ಹೋಗಿದ್ದೆ. ನಮ್ಮ ಶಾಪಿನವರೆಲ್ಲ ಒಂದೇ ಸಾಲಿನಲ್ಲಿ ಕುಳಿತೆವು. ಊಟದ ಸದ್ದಿನಲ್ಲೂ ಕೈಯಲ್ಲೇ ಮಾತು. ಬೀಗರ ಕಡೆಯ ಮುದುಕರೊಬ್ಬರು ನೋಡಿ ನೋಡಿ, ಈ ಸಾಲಿನವರೆಲ್ಲ ಮೂಕರೇ ಎಂದು ಲಕ್ಷ್ಮಪ್ಪನನ್ನು ಕೇಳಿದರಂತೆ. ಒಬ್ಬನನ್ನು ಬಿಟ್ಟು ಎಲ್ಲರೂ ಎಂದನಂತೆ ಅವನು. ಆ ಒಬ್ಬ ಯಾರೆಂದು ಮುದುಕರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು.

ಸುಜಯ

·

ಮುಂಬೈ
೭ ಫೆಬ್ರವರಿ ೨೦೦೦

ಅಣ್ಣಾ,

ಸಂಕ್ರಾಂತಿಗೆ ಮನೆಯಲ್ಲಿ ನಿನ್ನೆದುರು ಅರ್ಧ ಹೇಳಿದ್ದೆ, ಉಳಿದದ್ದನ್ನು ಈಗ ಹೇಳುತ್ತೇನೆ.

ಎರಡನೇ ವರ್ಷಕ್ಕೆ ಮೊದಲು ನಾವು ಒಂದು ನಿಜವಾದ ಸಂಸ್ಥೆಯಲ್ಲಿ ಏನಾದರೂ ಒಂದನ್ನು ಬದಲಿಸಿ ತೋರಿಸಬೇಕು. ಎಲ್ಲರೂ ಮುಂಬೈಯ ಕಂಪನಿಗಳನ್ನು ಹಿಡಿದರು. ನಾನು ನಿಮ್ಮ ಕಾರ್ಖಾನೆಯ ಹೆಸರು ಕೊಟ್ಟೆ. ವಾಪಸು ಬರುವ ದಿನ ಶಿವಬಸವ ನಗರದಲ್ಲಿ ದುಂಡಪ್ಪ ಸಾಹೇಬರ ಮನೆಗೆ ಹೋಗಿದ್ದೆ. ಒಳ್ಳೆಯವರು ಅಣ್ಣಾ. ನನ್ನನ್ನು ಕೂಡಿಸಿ, ಮಂಡಕ್ಕಿ ತಿನ್ನಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. “ಕಾಯಕದಾಗ ಮ್ಯಾಲ ಕೆಳಗ ಇಲ್ಲಂತ ಬೋರ್ಡ ಬರಸೀವಿ ಖರೇ, ಕೆಳಗಿನವರನ್ನ ಮ್ಯಾಲ ಕರ್ಯಾಕ ನಮಗ್ಯಾರೂ ಹೇಳಿ ಕೊಡಲಿಲ್ಲವ್ವಾ” ಅಂದರು.

ನಾನು ಕೇಳಿದ್ದು ಎರಡು. ಒಂದು, ನಿನಗೆ ಕಚೇರಿಯಲ್ಲಿ ಕೆಲಸ. ಮಾಲು ಕಳಿಸುವ ವಿಭಾಗದಲ್ಲಿ ಮೇಜು, ಕುರ್ಚಿ, ಕರೆಗಂಟೆಯ ಬದಲು ಒಂದು ದೀಪ. ಯಾರಾದರೂ ಕರೆದರೆ ನಿನ್ನ ಮೇಜಿನ ಮೇಲೆ ದೀಪ ಹತ್ತುತ್ತದೆ. ನಿನ್ನ ಅಕ್ಷರ ಎಷ್ಟು ಚೆಂದವೆಂದು ಅವರಿಗೆ ತೋರಿಸಿದ್ದೇನೆ. ಎರಡು, ಕಿವಿ ಕೇಳದ ಯಾರನ್ನೂ ಇನ್ನು ಮುಂದೆ ಸುತ್ತಿಗೆಯ ಹತ್ತಿರ ನಿಲ್ಲಿಸಕೂಡದೆಂದು ಒಂದು ನಿಯಮ. ನೀನು ಒಬ್ಬನಲ್ಲ ಅಣ್ಣಾ, ನಿನ್ನ ಹಿಂದೆ ಬರುವವರೂ ಇದ್ದಾರೆ.

ಇದು ನಿನ್ನ ಬದುಕು, ನನ್ನ ಪರೀಕ್ಷೆಯಲ್ಲ. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಒಂದು ಸಾಲು ಬರಿ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಅವ್ವನಿಗೆ ಹೇಳಿದೆ. “ಕುರ್ಚೀ ಮ್ಯಾಲ ಕುಂದರತಾನಾ?” ಅಂದಳು.

ಪ್ರಮಿಳಾ

·

ಬೆಳಗಾವಿ
೨ ಮಾರ್ಚ್ ೨೦೦೦

ಪ್ರಮಿಳಾ,

ಒಪ್ಪಿಗೆ.

ಸುಜಯ

·

ಮುಂಬೈ
೨೬ ಜೂನ್ ೨೦೦೦

ಅಣ್ಣಾ,

ವಾಪಸು ಬಂದ ಮೇಲೂ ನೀನು ಕಚೇರಿಯ ಕುರ್ಚಿಯಲ್ಲಿ ಕುಳಿತ ಆ ದಿನದಿಂದ ಹೊರಗೆ ಬರಲಾಗಿಲ್ಲ. ಪೇಪರಿನಲ್ಲಿ ಬಂದ ಫೋಟೋವನ್ನು ಮೇಡಂ ತರಗತಿಯ ಗೋಡೆಗೆ ಅಂಟಿಸಿದ್ದಾರೆ. ನೀನು ಕುರ್ಚಿಯಲ್ಲಿ, ಪಕ್ಕದಲ್ಲಿ ದುಂಡಪ್ಪ ಸಾಹೇಬರು, ಹಿಂದೆ ಅವ್ವ. ನೀನು ನಗುತ್ತಿಲ್ಲ, ಆದರೆ ಫೋಟೋದಲ್ಲಿ ನೀನು ಯಾವತ್ತೂ ನಗುವುದಿಲ್ಲ.

ಕಂಬಳಿಯ ವಿಷಯ ನನ್ನ ಯೋಜನೆಯಲ್ಲಿ ಇರಲಿಲ್ಲ, ಅದು ದುಂಡಪ್ಪ ಸಾಹೇಬರದೇ ಯೋಚನೆ. ಕುರುಬರ ಕಂಬಳಿ ಹಾಸದೆ ಮದುವೆಯ ಹಸೆಯೇ ಇಲ್ಲ, ಹೊಸ ಕುರ್ಚಿಗೂ ಅದೇ ಇರಲಿ, ನಿಮ್ಮವ್ವ ಕಾಡವ್ವನ ಕೈಯಿಂದಲೇ ಹಾಸಿಸೋಣ ಅಂದರು. ಅವ್ವ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದದ್ದು, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಇಟ್ಟು ಅಂಗೈಯಿಂದ ಸವರಿದ್ದು, ನೀನು ನೋಡಿದೆ. ಅವಳು ಅಂದದ್ದು ನಿನಗೆ ಗೊತ್ತಾಗಿರಲಿಕ್ಕಿಲ್ಲ. “ಇಷ್ಟ ವರ್ಷ ನಮ್ಮ ಕಂಬಳಿ ಒಳಗ, ನಾವು ಹೊರಗ ಇದ್ವಿ. ಇವತ್ತ ಎರಡೂ ಒಳಗ ಬಂದ್ವು.” ದುಂಡಪ್ಪ ಸಾಹೇಬರು ಕಣ್ಣೊರೆಸಿಕೊಂಡರು. ನಾನಂತೂ ಗೋಡೆಯ ಕಡೆ ತಿರುಗಿ ನಿಂತೆ.

ಅವತ್ತಿನಿಂದ ಅವ್ವನಿಗೆ ನಿದ್ದೆ ಬರುತ್ತಿದೆಯಂತೆ. ಪ್ರತಿ ಭಾನುವಾರ ಮೊದಲು ಹೇಳುವುದು ಅದನ್ನೇ.

ನಿಯಮಕ್ಕೂ ಮಾಲೀಕರ ಸಹಿಯಾಯಿತು. ಮುಂಬೈಯ ಒಂದು ದೊಡ್ಡ ಕಂಪನಿಯವರು ನನ್ನ ವರದಿ ಕೇಳಿ ಕಳಿಸಿದ್ದಾರೆ.

ಹೊಸ ಜಾಗ ಹೇಗಿದೆ? ದೀಪ ಸರಿಯಾಗಿ ಹತ್ತುತ್ತದೆಯೇ?

ಪ್ರಮಿಳಾ

·

ಬೆಳಗಾವಿ
೧೩ ಆಗಸ್ಟ್ ೨೦೦೦

ಪ್ರಮಿಳಾ,

ತಡವಾಯಿತು. ಬರೆಯಲು ಸಮಯವಿಲ್ಲದೆ ಅಲ್ಲ.

ಕಚೇರಿ ಸ್ವಚ್ಛವಾಗಿದೆ. ಒಳ್ಳೆಯ ಜನ. ಬೆಳಿಗ್ಗೆ ಎಲ್ಲರೂ ನನಗೆ ನಮಸ್ಕಾರ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಕೂರುತ್ತಾರೆ. ಅವರ ಬೆನ್ನು ಕಾಣುತ್ತದೆ, ತುಟಿ ಕಾಣುವುದಿಲ್ಲ. ಒಮ್ಮೊಮ್ಮೆ ಎಲ್ಲರ ಬೆನ್ನೂ ಒಟ್ಟಿಗೆ ಅಲುಗುತ್ತದೆ. ನಗುತ್ತಿದ್ದಾರೆಂದು ತಿಳಿಯುತ್ತದೆ. ಮೊದಮೊದಲು ಎದ್ದು ಹೋಗಿ ಏನೆಂದು ಕೇಳುತ್ತಿದ್ದೆ. ಬಸಯ್ಯ ಅಂತ ಒಬ್ಬರಿದ್ದಾರೆ, ಅವರು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು: “ಏನಿಲ್ರಿ, ಸುಮ್ಮ ಹಂಗ.” ಅದು ಖರೇ. ನಗುವಂಥದ್ದನ್ನು ಚೀಟಿಯಲ್ಲಿ ಬರೆದರೆ ಉಳಿಯುವುದಿಲ್ಲ. ಈಗ ಕೇಳುವುದಿಲ್ಲ.

ದೀಪ ಸರಿಯಾಗಿದೆ. ಕರೆದರೆ ಹತ್ತುತ್ತದೆ.

ಕಚೇರಿಯ ಗೋಡೆಯ ಆಚೆಗೇ ಹ್ಯಾಮರ್ ಶಾಪು. ಸುತ್ತಿಗೆಯ ಏಟು ನೆಲದಿಂದ ಪಾದಕ್ಕೆ ಬರುತ್ತದೆ. ಲಕ್ಷ್ಮಪ್ಪನ ಏಟು ನನಗೆ ಗೊತ್ತು. ಈಗ ಪ್ರತಿ ಏಟಿನ ನಡುವೆ ಒಂದು ತಡವಿದೆ. ಅವನ ಎದುರಿಗೆ ಹೊಸಬ ನಿಂತಿದ್ದಾನೆ, ತುಂಡು ತಿರುಗಿಸಲು ಅವನಿಗೆ ಇನ್ನೂ ಕೈ ಬಂದಿಲ್ಲ. ದಿನವಿಡೀ ಕುಳಿತು ಲೆಕ್ಕ ಬರೆಯುವಾಗ ನನ್ನ ಕಾಲು ಆ ತಡಕ್ಕೆ ಕಾಯುತ್ತದೆ.

ಅವ್ವನಿಗೆ ಒಂದು ಹೇಳಬೇಡ. ಕುರ್ಚಿಯ ಮೇಲಿನ ಕಂಬಳಿಯನ್ನು ತೆಗೆದು ಕಾಲಡಿ ಹಾಕಿಕೊಂಡಿದ್ದೇನೆ. ಕಾಲಡಿ ಹಾಕಬಾರದೆಂದು ಗೊತ್ತು. ದಪ್ಪ ನೇಯ್ಗೆ, ಏಟು ಅಷ್ಟಾಗಿ ತಿಳಿಯುವುದಿಲ್ಲ.

ಹೋದ ವಾರ ಊಟದ ಹೊತ್ತಿಗೆ ಶಾಪಿಗೆ ಹೋಗಿದ್ದೆ. ಎಲ್ಲರೂ ಬಂದು ಬೆನ್ನು ತಟ್ಟಿದರು. ಹೊಸಬ ಏನೋ ಒಂದು ಸನ್ನೆ ಮಾಡಿದ, ಎರಡು ಬೆರಳನ್ನು ಮೊಣಕೈಗೆ ತಾಗಿಸಿ. ಎಲ್ಲರೂ ನಕ್ಕರು. ನಾನು ಕಲಿಸಿದ ಸನ್ನೆ ಅಲ್ಲ ಅದು, ನಾನು ಹೋದ ಮೇಲೆ ಹುಟ್ಟಿದ್ದು. ಏನು ಎಂದು ಲಕ್ಷ್ಮಪ್ಪನನ್ನು ಕೇಳಿದೆ. ಆ ಶಾಪಿನಲ್ಲಿ ನಾನು ಏನು ಎಂದು ಕೇಳಿದ್ದು ಅದೇ ಮೊದಲು. ಅವನು ಹೇಳಲು ಕೈಯೆತ್ತಿದ. ಅಷ್ಟರಲ್ಲಿ ಕುಲುಮೆಯಿಂದ ತುಂಡು ಬಂತು. ಏನಿಲ್ಲ ಬಿಡು ಎಂದು ಕೈಬೀಸಿ ಸುತ್ತಿಗೆಗೆ ಹೋದ.

ನೀನು ಮೊದಲ ದರ್ಜೆಯಲ್ಲಿ ಬರುತ್ತೀ ಎಂದು ಎಲ್ಲರಿಗೂ ಹೇಳಿದ್ದೇನೆ.

ಸುಜಯ

·

ಮುಂಬೈ
೧೯ ಸೆಪ್ಟೆಂಬರ್ ೨೦೦೦

ಅಣ್ಣಾ,

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಹೊಸ ಜಾಗಕ್ಕೆ ಹೋದವರಿಗೆ ಮೊದಲ ವರ್ಷ ಹೀಗಾಗುವುದು ಸಹಜವಂತೆ. ತಪ್ಪು ನಿನ್ನದಲ್ಲ, ಕಚೇರಿಯವರಿಗೆ ತರಬೇತಿ ಕೊಡಬೇಕು. ದುಂಡಪ್ಪ ಸಾಹೇಬರಿಗೆ ಬರೆದಿದ್ದೇನೆ. ಬಸಯ್ಯ ಮತ್ತು ಉಳಿದವರಿಗೆ ವಾರಕ್ಕೊಂದು ಗಂಟೆ ಸನ್ನೆ ಕಲಿಸುವ ವ್ಯವಸ್ಥೆಯಾಗುತ್ತದೆ. ಸ್ವಲ್ಪ ತಾಳಿಕೋ.

ಇಲ್ಲಿ ಮೂರು ಕಂಪನಿಗಳ ಸಂದರ್ಶನವಿದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅವ್ವನ ಮಾತು ಮುಂದಿನ ಕಾಗದದಲ್ಲಿ.

ಪ್ರಮಿಳಾ

·

ಬೆಳಗಾವಿ
೫ ನವೆಂಬರ್ ೨೦೦೦

ಪ್ರಮಿಳಾ,

ಈರಣ್ಣನ ನೆನಪಿದೆಯೇ? ಕಿವುಡರ ಶಾಲೆಯಲ್ಲಿ ನನ್ನ ಪಕ್ಕದ ಹಾಸಿಗೆಯವನು. ಈಗ ಅವನಿಗೆ ಹೆಂಡತಿ, ಇಬ್ಬರು ಮಕ್ಕಳು. ಹ್ಯಾಮರ್ ಶಾಪಿನಲ್ಲಿ ಜಾಗ ಖಾಲಿಯಾದರೆ ಅವನನ್ನು ತರಬೇಕೆಂದು ನಾನೂ ಲಕ್ಷ್ಮಪ್ಪನೂ ಎರಡು ವರ್ಷದಿಂದ ಅಂದುಕೊಂಡಿದ್ದೆವು. ಈಗ ಅಲ್ಲಿ ಇನ್ನೊಂದು ಜಾಗ ಖಾಲಿಯಾಯಿತು. ಬಂದ. ಗೇಟಿನಲ್ಲೇ ನಿಯಮ ತೋರಿಸಿ ಕಳಿಸಿದರು. ಕಚೇರಿಯಲ್ಲಿ ಕಿವುಡರ ಕುರ್ಚಿ ಒಂದೇ, ಅದರಲ್ಲಿ ನಾನಿದ್ದೇನೆ.

ಕುರ್ಚಿಯನ್ನು ಅವನಿಗೆ ಕೊಡಿ, ನನ್ನನ್ನು ಸುತ್ತಿಗೆಗೆ ಕಳಿಸಿ ಎಂದು ದುಂಡಪ್ಪ ಸಾಹೇಬರಿಗೆ ಬರೆದು ಕೊಟ್ಟೆ. ಅವರು ಅದರ ಕೆಳಗೆ ಬರೆದರು: “ನಿಮ್ಮ ತಂಗೀನ ಮಾಡಿಸಿದ ನಿಯಮ ಐತ್ರಿ ಇದು. ಮಾಲಕರು ಸಹಿ ಮಾಡ್ಯಾರ, ಇನ್ಶೂರನ್ಸಿನವರು ಒಪ್ಪ್ಯಾರ. ಈಗ ಕಿವಿ ಕೇಳದವರನ್ನ ಬೆಂಕಿ ಮುಂದ ನಿಂದ್ರಸ್ರಿ ಅಂತ ನಾ ಹೆಂಗ ಹೇಳ್ಲಿ? ನನ್ನ ಮನಸ್ಸರ ಒಪ್ಪಬೇಕಲ್ರಿ.”

ಅವರ ಮೇಲೆ ಸಿಟ್ಟಿಲ್ಲ.

ನಾನು ಕೆಲಸ ಬಿಟ್ಟೆ. ಈರಣ್ಣನಿಗೆ ಆ ಕುರ್ಚಿ ಸಿಗುವುದಿಲ್ಲ, ಅವನ ಅಕ್ಷರ ಚೆನ್ನಾಗಿಲ್ಲ. ನಾಳೆ ಬೀಡಿಗೆ ಹೋಗುತ್ತೇನೆ. ಕಾಕಾನ ಮೊಣಕಾಲು ನೋಯುತ್ತದೆ, ಕುರಿ ಕಾಯಲು ಒಬ್ಬರು ಬೇಕು.

ಒಪ್ಪಿಗೆಯಿಲ್ಲದಿದ್ದರೆ ಒಂದು ಸಾಲು ಬರಿ ಎಂದಿದ್ದೆ ನೀನು. ಬರೆದಿದ್ದೆ. ಒಂದಲ್ಲ, ಎರಡು ಪುಟ. ಆದರೆ ಸಂಕ್ರಾಂತಿಗೆ ನೀನು ಅಂಗಳದಲ್ಲಿ ಕುಳಿತು ನಿನ್ನ ಓದಿನ ಬಗ್ಗೆ ಹೇಳಿದ್ದೆಯಲ್ಲ, ಆಗ ನಿನ್ನ ಕೈ ನಿಲ್ಲುತ್ತಲೇ ಇರಲಿಲ್ಲ. ಚಿಕ್ಕಂದಿನಲ್ಲಿ ಕಿಟಕಿಯೊಳಗಿನಿಂದ ಪಾಠ ದಾಟಿಸುತ್ತಿದ್ದಾಗಿನ ಹಾಗೆಯೇ. ಆ ಎರಡು ಪುಟ ಹರಿದೆ.

ಸುಜಯ

·

ಖಾನಾಪುರ, ರೈಲು ನಿಲ್ದಾಣ
೨೧ ನವೆಂಬರ್ ೨೦೦೦

ಅಣ್ಣಾ,

ರೈಲು ಬರುವವರೆಗೆ ಬರೆಯುತ್ತೇನೆ.

ನಿನ್ನ ಕಾಗದ ಸಿಕ್ಕ ದಿನವೇ ಹೊರಟು ಬಂದೆ. ಮೊದಲು ಕಾರ್ಖಾನೆಗೆ ಹೋದೆ. ನಿಯಮ ತೆಗೆಯಿರಿ, ನಾನೇ ಬರೆದು ಕೊಡುತ್ತೇನೆ, ನನ್ನ ವರದಿ ತಪ್ಪು ಎಂದೆ. ದುಂಡಪ್ಪ ಸಾಹೇಬರು ನೀರು ಕೊಟ್ಟು ಕೂರಿಸಿದರು. “ಅಂವನ ಹೆಗಲ ಸುಟ್ಟದ್ದು ಸುಳ್ಳೇನವ್ವಾ?” ಅಂದರು. ಆ ಹೆಗಲನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ, ಅದನ್ನು ಸುಳ್ಳು ಎನ್ನಲಾರೆ.

ಆಮೇಲೆ ಹ್ಯಾಮರ್ ಶಾಪಿನ ಬಾಗಿಲಿಗೆ ಹೋಗಿ ನಿಂತೆ. ಒಂದು ವರ್ಷ ಆ ಜಾಗದ ಬಗ್ಗೆ ಬರೆದೆ. ಒಳಗೆ ಕಾಲಿಟ್ಟದ್ದು ದುಂಡಪ್ಪ ಸಾಹೇಬರ ಜೊತೆ ಒಂದೇ ಸಲ, ಅವತ್ತು ನನ್ನ ಗೌರವಕ್ಕೆಂದು ಸುತ್ತಿಗೆಗಳನ್ನು ನಿಲ್ಲಿಸಿದ್ದರು. ಇವತ್ತು ನಡೆಯುತ್ತಿದ್ದವು. ಸದ್ದು ಎದೆಗೆ ಗುದ್ದಿತು, ಕಿವಿ ಕಟ್ಟಿತು. ಆ ಸದ್ದಿನೊಳಗೆ ಎಲ್ಲರೂ ಮಾತಾಡುತ್ತಿದ್ದರು. ಕುಲುಮೆಯ ಹತ್ತಿರದವನು ದೂರದ ಬಾಗಿಲಿನವನಿಗೆ ಏನೋ ಹೇಳಿದ, ಅವನು ತಿರುಗಿಸಿ ಏನೋ ಅಂದ, ನಡುವಿನವರೆಲ್ಲ ನಕ್ಕರು. ನಿನ್ನ ಕೈಗಳು ಅಣ್ಣಾ. ಎಲ್ಲರ ತೋಳಿನಲ್ಲೂ ನಿನ್ನ ಕೈಗಳು. ಆದರೆ ಸನ್ನೆಗಳು ನಮ್ಮ ಮನೆಯವಲ್ಲ, ಶಾಪಿನಲ್ಲೇ ಹುಟ್ಟಿದವು, ನನಗೆ ಒಂದೂ ಅರ್ಥವಾಗಲಿಲ್ಲ. ಅಷ್ಟು ಜನರ ನಡುವೆ ಕೇಳಿಸದವಳು ನಾನೊಬ್ಬಳೇ.

ಮೀಸೆಯವರೊಬ್ಬರು ನನ್ನನ್ನು ನೋಡಿ ಸುತ್ತಿಗೆ ನಿಲ್ಲಿಸಿದರು. ಲಕ್ಷ್ಮಪ್ಪನವರೇ ಇರಬೇಕು ಅಂದುಕೊಂಡೆ. ಅವರು ಉಳಿದವರ ಕಡೆ ತಿರುಗಿ ತಮ್ಮ ಕಿವಿಯ ತುದಿ ಮುಟ್ಟಿ ನನ್ನತ್ತ ತೋರಿಸಿದರು. ಎಲ್ಲರೂ ಕೆಲಸ ಬಿಟ್ಟು ನನ್ನನ್ನೇ ನೋಡಿದರು. ಯಾರೂ ಕೈ ಎತ್ತಲಿಲ್ಲ.

ಬೀಡಿಗೆ ಬಂದಾಗ ನೀನು ಕುರಿ ಹೊಡೆದುಕೊಂಡು ಹೋಗಿದ್ದೆ. ಅವ್ವನ ಜೊತೆ ಅಂಗಳದಲ್ಲಿ ಕೊನೆಯ ಬಸ್ಸಿನವರೆಗೂ ಕಾದೆ. ಅವ್ವ ಒಂದು ಮಾತೂ ಬಯ್ಯಲಿಲ್ಲ. ಹೊರಡುವಾಗ, “ಅಂವ ಈಗ ಊಟಾ ಮಾಡುವಾಗ ನನ್ನ ಮಾರೀನ ನೋಡೂದಿಲ್ಲ ಪ್ರಮೀ. ಮಾರಿ ನೋಡದಿದ್ರ ನಾ ಅಂವನ ಕೂಡ ಹೆಂಗ ಮಾತಾಡ್ಲಿ?” ಅಂದಳು. ಹಾಗೇ ಬರೆದಿದ್ದೇನೆ, ತಿದ್ದಿಲ್ಲ.

ರೈಲು ಬಂತು. ಬೇಸಿಗೆಗೆ ಓದು ಮುಗಿಯುತ್ತದೆ. ಮುಗಿದ ದಿನವೇ ಮನೆಗೆ ಬರುತ್ತೇನೆ.

ಪ್ರಮಿಳಾ

·

ಬೀಡಿ
೧೧ ಮಾರ್ಚ್ ೨೦೦೧

ಪ್ರಮಿಳಾ,

ನಿನ್ನ ಎಲ್ಲ ಕಾಗದಗಳೂ ಬಂದಿವೆ. ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಕಲ್ಲಯ್ಯ ಅಂಗಡಿಯ ಮುಂದೆ ನಿಂತವರಿಗೆಲ್ಲ ಹೇಳಿದನಂತೆ. ನನಗೆ ಹಲಗೆಯ ಮೇಲೆ ಬರೆದು ತೋರಿಸಿದ. ನಿನ್ನ ಹೆಸರಿನ ಕೆಳಗೆ ಎರಡು ಗೆರೆ ಎಳೆದ. ಸಂತೋಷವಾಯಿತು. ಇದನ್ನು ಸುಳ್ಳೆಂದು ತಿಳಿಯಬೇಡ. ಆ ಕೆಲಸವನ್ನು ನೀನು ಚೆನ್ನಾಗಿ ಮಾಡುತ್ತೀ.

ನವೆಂಬರಿನಲ್ಲಿ ನೀನು ಬಂದಿದ್ದನ್ನು ನೋಡಿದೆ. ಗುಡ್ಡದ ಮೇಲಿನಿಂದ ನಮ್ಮ ಅಂಗಳ ಪೂರ್ತಿ ಕಾಣುತ್ತದೆ. ನಿನ್ನ ಹಸಿರು ಸೀರೆ, ಪಕ್ಕದಲ್ಲಿ ಅವ್ವ. ನೀನು ಕಣ್ಣಿಗೆ ಕೈಯಡ್ಡ ಹಿಡಿದು ಹುಡುಕುತ್ತಿದ್ದೆ. ಒಮ್ಮೆ ನೇರವಾಗಿ ನಾನಿದ್ದ ಕಡೆಗೇ ನೋಡಿದೆ. ನಾನು ಕುರಿಗಳ ನಡುವೆ ಕುಳಿತುಕೊಂಡೆ, ಕಂಬಳಿ ಹೊದ್ದು. ಬಸ್ಸು ತಿರುವು ದಾಟುವವರೆಗೂ ಏಳಲಿಲ್ಲ.

ಇಳಿದು ಬಂದಿದ್ದರೆ ನೀನು ಮೊದಲು ಕೇಳುತ್ತಿದ್ದದ್ದು ಸಿಟ್ಟಿದೆಯೇ ಎಂದು. ಇಲ್ಲ ಎನ್ನಬೇಕಾಗುತ್ತಿತ್ತು. ಕಾಗದದಲ್ಲಿ ಏನನ್ನೂ ಬರೆಯಬಹುದು, ಒಪ್ಪಿಗೆ ಎಂದೂ ಬರೆಯಬಹುದು. ಕೈಗೆ ಅದು ಬರುವುದಿಲ್ಲ. ಇಲ್ಲ ಎಂದು ಕೈಯಾಡಿಸಿದ್ದರೆ ನೀನು ನನ್ನ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದೆ. ಹಾಗೆ ನೋಡುವುದನ್ನು ನಿನಗೆ ಕಲಿಸಿದವನು ನಾನೇ.

ಹೋದ ವಾರ ಲಕ್ಷ್ಮಪ್ಪ ಬಂದಿದ್ದ. ಎರಡು ಬೆರಳನ್ನು ಮೊಣಕೈಗೆ ತಾಗಿಸುವುದೆಂದರೆ ಏನೆಂದು ಹೇಳಿದ. ಕ್ಯಾಂಟೀನಿನ ಉಪ್ಪಿಟ್ಟಂತೆ, ಅಷ್ಟು ಗಟ್ಟಿಯಂತೆ. ಅವನು ನಕ್ಕ, ನಾನೂ ನಕ್ಕೆ. ತಡವಾಗಿ ನಕ್ಕದ್ದು ಇಬ್ಬರಿಗೂ ಗೊತ್ತಾಯಿತು. ಹೋಗುವಾಗ ಕಿವಿಯ ತುದಿ ಮುಟ್ಟಿ, ಹೇಗಿದ್ದಾಳೆ ಎಂದು ಕೇಳಿದ. ನನ್ನ ಕೈ ಎದ್ದಿತು. ಎದ್ದು, ಏನೂ ಹೇಳದೆ ಕೆಳಗೆ ಬಂತು.

ಅವ್ವ ಏನಂದಳೆಂದು ಇನ್ನು ಬರೆಯಬೇಡ. ಓದಿದ ಮೇಲೆ ಅವಳ ಎದುರು ಕುಳಿತುಕೊಳ್ಳಲು ಆಗುವುದಿಲ್ಲ.

ಬೇಸಿಗೆಗೆ ಮನೆಗೆ ಬರುತ್ತೇನೆ ಎಂದು ಪ್ರತಿ ಕಾಗದದಲ್ಲೂ ಬರೆಯುತ್ತೀ. ಅವ್ವ ಆಗಲೇ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದಾಳೆ.

ಈ ಬೇಸಿಗೆಗೆ ಬರಬೇಡ. ಎದುರಿಗೆ ನಿಂತರೆ ಇದನ್ನು ಹೇಳಲು ನನ್ನ ಕೈ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಣ್ಣ
ಸುಜಯ